ಹಿಂದಡಿಯ ವಿದ್ಯೆ

ಹಿಂದಡಿಯಿಡುವುದನ್ನು ನಮ್ಮ ಕಾವ್ಯಗಳು ಎಂದೂ ಮೆಚ್ಚಿದವಲ್ಲ. ವೀರನಾದವನು ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಲಾರ. ತೆಗೆದನೆಂದರೆ ಅವನ ಹೆಸರಿನಲ್ಲಿ ವೀರಗಲ್ಲು ನಿಲ್ಲಲಾರದು. ತರಗತಿಯಲ್ಲಿ ಹಲವು ವರ್ಷಗಳಿಂದ ಈ ಮಾತನ್ನು ಹೇಳುತ್ತ ಬಂದಿರುವ ನನಗೆ, ಹೇಳುವಾಗಲೆಲ್ಲ ಒಳಗೊಳಗೇ ಒಂದು ಸಂಕೋಚ. ಏಕೆಂದರೆ ನಾನು ಕಣ್ಣಾರೆ ಕಂಡ ಧೈರ್ಯವಂತರಲ್ಲಿ ಒಬ್ಬರ ಹಿರಿಮೆಯೆಲ್ಲ ಹಿಂದಡಿಯಿಡುವುದರಲ್ಲಿಯೇ ಇತ್ತು. ಅವರು ನನ್ನ ಚಿಕ್ಕಪ್ಪ. ಮಂಡ್ಯದ ಕಡೆಯ ಒಬ್ಬ ಸಾಮಾನ್ಯ ಬೇಸಾಯಗಾರ. ಟ್ರೇಲರನ್ನು ಹಿಮ್ಮುಖವಾಗಿ ನಡೆಸಿ ಹೇಳಿದ ಜಾಗದಲ್ಲಿ ನಿಲ್ಲಿಸುವುದು, ಬಿಚ್ಚಿಟ್ಟ ಟ್ರೇಲರಿಗೆ ಟ್ರಾಕ್ಟರನ್ನು ಹಿಂದಕ್ಕೆ ತಂದು ಜೋಡಿಸುವುದು, ಇವೆರಡನ್ನೂ ಮತ್ತೊಬ್ಬರ ಕೈ ನೆರವಿಲ್ಲದೆ ಮಾಡಬಲ್ಲವರು.

‘ಇದೇನು ಮಹಾ ವಿದ್ಯೆ!’ ಎಂದು ಪಟ್ಟಣದ ವಾಚಕರು ನಗಬಹುದು. ನಗುವವರು ಒಮ್ಮೆ ಕಬ್ಬಿನ ಕಟಾವಿನ ಕಾಲದಲ್ಲಿ ನಮ್ಮ ಸೀಮೆಗೆ ಬಂದು ನೋಡಬೇಕು. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಸ್ಥಾಪನೆಯಾದ ಮೇಲೆ, ಈ ನೆಲದ ಬದುಕು ಕಬ್ಬಿಗೂ ಬಂಡಿಗೂ ಗಂಟುಬಿದ್ದಿತು. ಮೊದಲು ಎತ್ತಿನ ಗಾಡಿಗಳ ಸಾಲು. ಆಮೇಲೆ ಟ್ರಾಕ್ಟರುಗಳ ಸಾಲು. ನಮ್ಮ ದೇಶದಲ್ಲಿಯೇ ತಯಾರಾದ ಮೊದಲ ಟ್ರಾಕ್ಟರು ಫರೀದಾಬಾದಿನ ಕಾರ್ಖಾನೆಯಿಂದ ಹೊರಬಂದದ್ದು 1959ರಲ್ಲಿ. ನಮ್ಮ ಮನೆಯಂಗಳಕ್ಕೆ ಅಂಥದೊಂದು ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಗದ್ದೆಯಲ್ಲಿ ಉಳುವಾಗ ಟ್ರೇಲರನ್ನು ಬಿಚ್ಚಬೇಕು, ಕಬ್ಬು ಹೇರುವಾಗ ಕಟ್ಟಬೇಕು. ಹೀಗೆ ಕಟ್ಟುವುದು, ಬಿಚ್ಚುವುದು ದಿನಕ್ಕೆ ಎಷ್ಟು ಸಲವೋ!

ಹೊಸ ಯಂತ್ರ ಬಂದರೂ ಹಳೆಯ ಮಾತು ಹೋಗಲಿಲ್ಲ. ಟ್ರೇಲರಿನಿಂದ ಮುಂದಕ್ಕೆ ಚಾಚಿಕೊಂಡು, ತುದಿಯಲ್ಲಿ ಉಂಗುರದಂತಹ ಕಣ್ಣುಳ್ಳ ಕಬ್ಬಿಣದ ತೊಲೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಮೂಕಿ ಎಂದೇ ಕರೆಯುತ್ತಿದ್ದರು. ಎತ್ತಿನ ಗಾಡಿಯ ಮೂಕಿ ಅದು. ಟ್ರಾಕ್ಟರಿನ ಬೆನ್ನಿಗೆ ಅದನ್ನು ಬಂಧಿಸುವ ದಪ್ಪ ಸರಳು ಕೀಲು. ಟ್ರಾಕ್ಟರು ಮಾತ್ರ ಎತ್ತಾಗಲಿಲ್ಲ. ಅದು ಎಂಜಿನ್ನಾಗಿಯೇ ಉಳಿಯಿತು. ಹಾಗೆ ಉಳಿದದ್ದರಲ್ಲಿ ಒಂದು ಅರ್ಥವಿದೆಯೆಂದು ಈಗ ತೋರುತ್ತದೆ.

ಎತ್ತಿನ ಗಾಡಿಯನ್ನು ಒಬ್ಬನೇ ಹೂಡುವುದು ಅಷ್ಟೇನೂ ಕಷ್ಟವಲ್ಲ. ಪಳಗಿದ ಜೋಡಿಯಾದರೆ, ಯಜಮಾನ ನೊಗವನ್ನೆತ್ತಿ ಹಿಡಿದು ಹೆಸರಿಟ್ಟು ಕರೆದರೆ ಸಾಕು. ಎತ್ತು ತಾನಾಗಿಯೇ ಬಂದು ಕತ್ತನ್ನು ನೊಗದ ಕೆಳಗೆ ಇಡುತ್ತದೆ. ಅರ್ಧ ದಾರಿಯನ್ನು ಮನುಷ್ಯ ನಡೆದರೆ ಉಳಿದರ್ಧವನ್ನು ಎತ್ತು ನಡೆಯುತ್ತದೆ. ಒಂಟಿಯಾಗಿ ಗಾಡಿ ಹೂಡುವವನು ನಿಜವಾಗಿ ಒಂಟಿಯಲ್ಲ. ಕಬ್ಬಿಣಕ್ಕೆ ಈ ದಾಕ್ಷಿಣ್ಯವಿಲ್ಲ. ಮೂಕಿ ಬಿದ್ದಲ್ಲಿ ಬಿದ್ದಿರುತ್ತದೆ. ಎಂಜಿನ್ನು ತಳ್ಳಿದಷ್ಟು ತಳ್ಳುತ್ತದೆ. ನಡುವೆ ಬೆರಳಗಲದ ವ್ಯತ್ಯಾಸವಾದರೆ ಸರಿಪಡಿಸುವ ಕತ್ತು ಎರಡೂ ಕಡೆ ಇಲ್ಲ. ಆದಕಾರಣ ನಡುವೆ ಒಬ್ಬ ಹುಡುಗನನ್ನು ನಿಲ್ಲಿಸುತ್ತಾರೆ.

ನಮ್ಮ ಮನೆಯಲ್ಲಿ ಆ ಹುಡುಗ ನಾನಾಗಿದ್ದೆ.

ಆಗ ನನಗೆ ಹನ್ನೆರಡು ವರ್ಷ. ಮೂಕಿಯ ಪಕ್ಕದಲ್ಲಿ ಕೀಲನ್ನು ಹಿಡಿದು ನಿಲ್ಲುವುದು ನನ್ನ ಉದ್ಯೋಗ. ಚಿಕ್ಕಪ್ಪ ಎಂಜಿನ್ನನ್ನು ಹಿಂದಕ್ಕೆ ಬಿಡುವರು. ನಾನು ‘ಬರ್ಲಿ, ಬರ್ಲಿ’ ಎಂದು ಕೂಗುವೆನು. ಎರಡು ತೂತುಗಳೂ ಒಂದರ ಮೇಲೊಂದು ಬಂದ ಗಳಿಗೆಯಲ್ಲಿ ಕೀಲನ್ನು ಇಳಿಬಿಡುವೆನು. ಅದೊಂದು ದೊಡ್ಡ ಪದವಿಯೆಂದೇ ನನ್ನ ಹೆಮ್ಮೆ. ಒಂದು ಸಂಜೆ ಮೂಕಿಗೆ ಆನಿಸಿದ್ದ ಕಲ್ಲು ಜಾರಿತು. ಮೂಕಿಯನ್ನು ಎತ್ತಿ ಹಿಡಿಯಲೆಂದು ನಾನು ಎಡಗೈ ಹಾಕಿದೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ಚಿಕ್ಕಪ್ಪನಿಗೆ ಕೇಳಲಿಲ್ಲ. ಎಂಜಿನ್ನು ಇನ್ನೊಂದು ಗೇಣು ಹಿಂದೆ ಬಂದಿತು. ಈ ಲೇಖನವನ್ನು ಬರೆಯುವಾಗ ಕಾಗದವನ್ನು ಒತ್ತಿ ಹಿಡಿದಿರುವ ನನ್ನ ಎಡಗೈಯ ಉಂಗುರದ ಬೆರಳಿಗೆ ಮೇಲಿನ ಗೆಣ್ಣು ಇಲ್ಲ.

ಬೆರಳು ಹೋದದ್ದು ನನ್ನದು. ಆದರೆ ಊಟ ಬಿಟ್ಟವರು ಚಿಕ್ಕಪ್ಪ. ಮೂರು ದಿನ ಅವರು ಎಂಜಿನ್ನನ್ನು ಹತ್ತಲಿಲ್ಲ. ನಾಲ್ಕನೆಯ ದಿನ ಹತ್ತುವ ಮುನ್ನ ಮನೆಯವರೆಲ್ಲರಿಗೂ ಕೇಳುವಂತೆ ಹೇಳಿದರು: ‘ಇವತ್ತಿಂದ ಮೂಕಿತಾವ ಯಾರೂ ನಿಲ್ಬಾರ್ದು. ನಾನೊಬ್ನೇ ಕಟ್ತೀನಿ. ಆಗ್ದಿದ್ರೆ ಮಾರ್‌ಬುಡ್ತೀನಿ.’

ಕಬ್ಬಿನ ಕಟಾವು ಮುಗಿದ ಮೇಲೆ, ಬರಿದಾದ ಕಣದಲ್ಲಿ, ಪ್ರತಿ ಸಂಜೆ ಅವರ ಅಭ್ಯಾಸ ಆರಂಭವಾಯಿತು. ನಾನು ಜಗುಲಿಯ ಮೇಲೆ ಕುಳಿತು, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೆ. ಯಾವ ಗುರುವೂ ಇಲ್ಲದೆ ಅವರು ಕಂಡುಕೊಂಡ ಸೂತ್ರಗಳನ್ನು ಅವರ ಬಾಯಿಂದಲೇ ಆಮೇಲೆ ಕೇಳಿ ತಿಳಿದೆ.

ಮೊದಲನೆಯ ತೊಡಕು ಕೈಯದು. ಎರಡು ಚಕ್ರದ ಟ್ರೇಲರನ್ನು ಕಟ್ಟಿಕೊಂಡು ಹಿಂದಕ್ಕೆ ಹೋಗುವಾಗ ಅದು ಚುಕ್ಕಾಣಿಯ ಮಾತಿಗೆ ನೇರ ವಿರುದ್ಧವಾಗಿ ನಡೆಯುತ್ತದೆ. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದರೆ ಎಂಜಿನ್ನಿನ ಹಿಂಭಾಗ ಎಡಕ್ಕೆ ಸರಿಯುತ್ತದೆ. ಮೂಕಿಯ ತುದಿಯನ್ನೂ ತನ್ನೊಡನೆ ಎಡಕ್ಕೆ ತಳ್ಳುತ್ತದೆ. ಟ್ರೇಲರು ತನ್ನ ಅಚ್ಚಿನ ಮೇಲೆ ತಕ್ಕಡಿಯ ದಂಡದಂತೆ ತಿರುಗಿ, ಮುಂತುದಿ ಎಡಕ್ಕೆ ಹೋದಂತೆ ಬಾಲವನ್ನು ಬಲಕ್ಕೆ ಬೀಸುತ್ತದೆ. ಇದರ ಮೇಲೆ ಚಾಲಕನು ಹಿಂತಿರುಗಿ ನೋಡುತ್ತ ಕುಳಿತಿರುವುದರಿಂದ ಎಡಬಲಗಳ ಲೆಕ್ಕವೇ ತಲೆಕೆಳಗಾಗುತ್ತದೆ. ಚಿಕ್ಕಪ್ಪ ಎಡಬಲಗಳನ್ನೇ ಬಿಟ್ಟುಬಿಟ್ಟರು. ಕಣದ ಒಂದು ಕಡೆ ಬಾವಿ, ಇನ್ನೊಂದು ಕಡೆ ಕೊಟ್ಟಿಗೆ. ಚುಕ್ಕಾಣಿಯನ್ನು ಮೇಲ್ತುದಿಯಲ್ಲಿ ಹಿಡಿಯದೆ ಕೆಳತುದಿಯಲ್ಲಿ, ಎಂದರೆ ಹೊಟ್ಟೆಯ ಕಡೆಗೆ ಬರುವ ಭಾಗದಲ್ಲಿ ಹಿಡಿದರು. ಅಲ್ಲಿ ಹಿಡಿದ ಕೈ ಬಾವಿಯ ಕಡೆಗೆ ಸರಿದರೆ ಟ್ರೇಲರಿನ ಬಾಲವೂ ಬಾವಿಯ ಕಡೆಗೆ. ಕೈ ಕೊಟ್ಟಿಗೆಯ ಕಡೆಗೆ ಸರಿದರೆ ಬಾಲವೂ ಕೊಟ್ಟಿಗೆಯ ಕಡೆಗೆ. ಮುಖ ಯಾವ ದಿಕ್ಕಿಗಿದ್ದರೂ ಈ ಸೂತ್ರ ತಪ್ಪುವುದಿಲ್ಲ. ಹಿಡಿಯುವ ಸ್ಥಾನವೊಂದನ್ನು ಬದಲಾಯಿಸಿದ ಮಾತ್ರಕ್ಕೆ ಹಟಮಾರಿ ಟ್ರೇಲರು ಮಾತು ಕೇಳತೊಡಗಿತು.

ಎರಡನೆಯದು ಕಣ್ಣಿನ ತೊಡಕು. ಹೊಸಬರು ಇಡೀ ಟ್ರೇಲರನ್ನು ನೋಡುತ್ತಾರೆ. ಆದ್ದರಿಂದ ಏನನ್ನೂ ಕಾಣುವುದಿಲ್ಲ. ನೋಡಬೇಕಾದದ್ದು ಅದರ ಪಕ್ಕೆಯನ್ನು. ನೇರವಾಗಿ ಬರುತ್ತಿರುವಾಗ ಎರಡು ಪಕ್ಕೆಗಳೂ ಸಮವಾಗಿ ಮರೆಯಲ್ಲಿರುತ್ತವೆ. ಬಾವಿಯ ಕಡೆಯ ಪಕ್ಕೆ ಹೆಚ್ಚು ಕಾಣತೊಡಗಿತೆಂದರೆ ಬಾಲ ಬಾವಿಯ ಕಡೆಗೆ ಹೊರಟಿತೆಂದು ಅರ್ಥ. ಕೈ ಒಡನೆಯೇ ಕೊಟ್ಟಿಗೆಯ ಕಡೆಗೆ ಸ್ವಲ್ಪ ಸರಿಯಬೇಕು. ಈ ‘ಸ್ವಲ್ಪ’ ಎಂಬ ಮಾತಿನಲ್ಲಿಯೇ ಗುಟ್ಟೆಲ್ಲ ಅಡಗಿದೆ. ಬೆರಳಷ್ಟು ತಪ್ಪಿದಾಗ ಬೆರಳಷ್ಟು ತಿದ್ದಿದರೆ ಮುಗಿಯಿತು. ಮೊಳದಷ್ಟು ತಪ್ಪುವ ತನಕ ಕಾದು ಮೊಳದಷ್ಟು ತಿದ್ದಹೋದರೆ ಎಂಜಿನ್ನೂ ಟ್ರೇಲರೂ ಚಾಕುವಿನಂತೆ ಮಡಿಸಿಕೊಂಡು, ಮೂಕಿ ಹಿಂಚಕ್ರಕ್ಕೆ ತಾಗುತ್ತದೆ. ಮೂಕಿ ಗಿಡ್ಡವಾದಷ್ಟೂ ಟ್ರೇಲರು ಬೇಗ ಮಡಿಸಿಕೊಳ್ಳುತ್ತದೆ, ಉದ್ದವಾದಷ್ಟೂ ನಿಧಾನ. ಮಡಿಸಿಕೊಂಡ ಮೇಲೆ ಹಿಂದಕ್ಕೆ ಇನ್ನೂ ತಳ್ಳಿ ಪ್ರಯೋಜನವಿಲ್ಲ. ಹತ್ತು ಮಾರು ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಮೊದಲಿನಿಂದ ಬರಬೇಕು. ಅತ್ಯಂತ ಕಡಿಮೆ ವೇಗದ ಗೇರು, ಕ್ಲಚ್ಚಿನ ಮೇಲೆ ಹದವಾದ ಕಾಲು. ಟ್ರಾಕ್ಟರಿಗೆ ಎಡ ಬಲ ಚಕ್ರಗಳಿಗೆ ಬೇರೆಬೇರೆ ಬ್ರೇಕುಗಳಿರುವುದುಂಟು. ಟ್ರೇಲರು ಕಟ್ಟಿರುವಾಗ ಆ ಎರಡು ತುಳಿಗೆಗಳನ್ನೂ ಚಿಲಕದಿಂದ ಕೂಡಿಸಿಯೇ ಇರಬೇಕು. ಇಲ್ಲವಾದರೆ ಒಂದೇ ಚಕ್ರ ನಿಂತು ಎಂಜಿನ್ನು ಅಡ್ಡ ತಿರುಗುತ್ತದೆ.

ನಾಲ್ಕು ಚಕ್ರದ ಟ್ರೇಲರಿನ ಮಾತು ಬೇರೆ. ಅದರ ಮುಂದಿನ ಜೋಡಿ ಚಕ್ರಗಳು ಮೂಕಿಯೊಡನೆ ತಾವೇ ತಿರುಗುತ್ತವೆ. ಮಡಿಸುವ ಕೀಲು ಅಲ್ಲಿ ಒಂದಲ್ಲ, ಎರಡು. ಮೊದಲ ಕೀಲು ಚುಕ್ಕಾಣಿಯ ಮಾತನ್ನು ವಿರುದ್ಧ ಮಾಡುತ್ತದೆ. ಎರಡನೆಯದು ಆ ವಿರುದ್ಧವನ್ನು ಮತ್ತೆ ವಿರುದ್ಧ ಮಾಡುತ್ತದೆ. ಕನ್ನಡದಲ್ಲಿ ‘ಬಾರದೆ ಇರಲಾರನು’ ಎಂದರೆ ‘ಬಂದೇ ಬರುತ್ತಾನೆ’ ಎಂದು ಅರ್ಥವಾಗುವಂತೆ, ಎರಡು ನಿಷೇಧಗಳು ಸೇರಿ ವಿಧಿಯಾಗುತ್ತದೆ. ತರಗತಿಯಲ್ಲಿ ಈ ವ್ಯಾಕರಣವನ್ನು ವಿವರಿಸುವಾಗ ನನಗೆ ನೆನಪಾಗುವುದು ವ್ಯಾಕರಣ ಗ್ರಂಥಗಳಲ್ಲ, ನಮ್ಮ ಕಣ. ಆದರೆ ಮಾತಿನಲ್ಲಿ ಸುಲಭವಾದದ್ದು ಕಬ್ಬಿಣದಲ್ಲಿ ಸುಲಭವಲ್ಲ. ಎರಡು ಕೀಲುಗಳೂ ಒಟ್ಟಿಗೆ ಮಡಿಸಿಕೊಳ್ಳುವುದರಿಂದ ಅದನ್ನು ಬಹಳ ದೂರ ಹಿಂದಕ್ಕೆ ನಡೆಸುವುದು ಪಳಗಿದವರಿಗೂ ಕಷ್ಟ. ಚಿಕ್ಕಪ್ಪ ಅದರ ಗೋಜಿಗೆ ಹೋಗುತ್ತಿರಲಿಲ್ಲ; ಮುಂದಕ್ಕೇ ಸುತ್ತು ಹಾಕಿ ತಂದು ನಿಲ್ಲಿಸುತ್ತಿದ್ದರು. ಮಾಡದಿರುವುದೂ ಒಂದು ಜಾಣತನವೇ.

ಇನ್ನು ಒಬ್ಬರೇ ಕೀಲು ಹಾಕುವ ಬಗೆ. ಇಲ್ಲಿ ಚಿಕ್ಕಪ್ಪ ಕಂಡುಕೊಂಡ ದೊಡ್ಡ ಸತ್ಯವೆಂದರೆ, ಕಟ್ಟುವ ಕೆಲಸ ಬಿಚ್ಚುವಾಗಲೇ ಆರಂಭವಾಗುತ್ತದೆ ಎಂಬುದು. ಅವಸರದಲ್ಲಿ ಎಲ್ಲೆಂದರಲ್ಲಿ, ಓರೆಯಾಗಿ, ಇಳಿಜಾರಿನಲ್ಲಿ ಬಿಚ್ಚಿಟ್ಟು ಹೋದವನು ಮರುದಿನ ಬೆಳಗ್ಗೆ ಆ ಅವಸರದ ಬಡ್ಡಿಯನ್ನು ತೆರುತ್ತಾನೆ. ಚಿಕ್ಕಪ್ಪ ಕಣದ ಒಂದು ಮೂಲೆಯಲ್ಲಿ ಸಮತಟ್ಟಾದ ಜಾಗವನ್ನು ಅದಕ್ಕೆಂದೇ ಗೊತ್ತುಮಾಡಿದರು. ಅಲ್ಲಿ ನಿಲ್ಲಿಸಿ, ಮೊದಲು ಟ್ರೇಲರಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡುವರು. ಜಾರುವ ಕಲ್ಲಿನ ಬದಲು, ಟ್ರಾಕ್ಟರಿನ ಕೊಂಡಿಯ ಎತ್ತರಕ್ಕೆ ಸರಿಯಾಗಿ ಅಳೆದು ಕೊಯ್ಯಿಸಿದ, ಬುಡ ಅಗಲವಾದ ಮರದ ದಿಮ್ಮಿಯೊಂದನ್ನು ಮೂಕಿಯ ಕೆಳಗೆ, ಕಣ್ಣಿನಿಂದ ಎರಡು ಗೇಣು ಹಿಂದಕ್ಕೆ ಇಡುವರು. ಭಾರ ಅಚ್ಚಿನ ಹಿಂದೆ ಹೆಚ್ಚಾಗಿ ಬಿದ್ದಿದ್ದರೆ ಕೀಲನ್ನು ಮುಟ್ಟುತ್ತಲೇ ಇರಲಿಲ್ಲ. ಅಂಥ ಟ್ರೇಲರಿನ ಕೀಲು ತೆಗೆದರೆ ಮೂಕಿ ಏತದ ಮರದಂತೆ ಮೇಲಕ್ಕೆ ಹಾರಿ ಎದುರಿಗಿದ್ದವನ ಗದ್ದಕ್ಕೆ ಬಡಿಯುತ್ತದೆ. ಕೀಲು ತೆಗೆದ ಬಳಿಕ ಎಂಜಿನ್ನನ್ನು ಇಪ್ಪತ್ತು ಮಾರು ನೇರವಾಗಿ ಮುಂದಕ್ಕೆ ಒಯ್ದು, ಅನಂತರವೇ ತಿರುಗಿಸುವರು. ನೆಲದ ಮೇಲೆ ಎರಡು ಗೀರುಗಳಂತೆ ಚಕ್ರದ ಜಾಡು ಉಳಿಯುತ್ತಿತ್ತು. ಮರುದಿನ ಆ ಜಾಡಿನ ಮೇಲೆಯೇ ಹಿಂದಕ್ಕೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಒಂದು ಕಡ್ಡಿ. ಟ್ರೇಲರಿನ ಮುಂಭಾಗದ ಹಲಗೆಯ ನಟ್ಟನಡುವೆ ಸುಣ್ಣದಿಂದ ನಿಲುವಾದ ಗೆರೆಯೊಂದನ್ನು ಎಳೆದಿದ್ದರು. ಮೂಕಿಯ ಕಣ್ಣಿನಲ್ಲಿ ಎದೆಯುದ್ದದ ಹಗುರ ಕಡ್ಡಿಯೊಂದನ್ನು ಸಡಿಲವಾಗಿ ನಿಲ್ಲಿಸಿ, ತುದಿಗೆ ಬಿಳಿಯ ಚಿಂದಿ ಕಟ್ಟುವರು. ಎಂಜಿನ್ನಿನ ಬೆನ್ನಿನ ನಡುವೆ, ಕೊಂಡಿಯ ನೇರ ಮೇಲೆ, ನೇಗಿಲನ್ನು ಸಿಕ್ಕಿಸುವ ಮೇಲ್ಗೊಂಡಿ ಇರುತ್ತದೆ. ಹಿಂದೆ ತಿರುಗಿ ಕುಳಿತವನ ಕಣ್ಣಿಗೆ ಮೇಲ್ಗೊಂಡಿ, ಕಡ್ಡಿ, ಸುಣ್ಣದ ಗೆರೆ ಈ ಮೂರೂ ಒಂದೇ ಸಾಲಿನಲ್ಲಿ ಬಂದರೆ ಎಂಜಿನ್ನು ನೇರವಾಗಿದೆ. ಬಾರದಿದ್ದರೆ ದೂರದಲ್ಲಿರುವಾಗಲೇ ತಿದ್ದಿಕೊಳ್ಳಬೇಕು. ಹತ್ತಿರ ಬಂದ ಮೇಲೆ ತಿದ್ದುವುದಕ್ಕೆ ಜಾಗವೂ ಇರುವುದಿಲ್ಲ, ಸಹನೆಯೂ ಇರುವುದಿಲ್ಲ. ಕೊಂಡಿಯ ತಗಡು ತಾಗಿ ಕಡ್ಡಿ ವಾಲಿತೆಂದರೆ ತೂತಿಗೆ ತೂತು ಕೂಡಲು ಇನ್ನು ಮೂರು ಬೆರಳಷ್ಟೇ ಬಾಕಿ. ಒಮ್ಮೆ ಸರಿಯಾಗಿ ಕೂಡಿದಾಗ, ಎಂಜಿನ್ನಿನ ಹಿಂಚಕ್ರ ನಿಂತ ಜಾಗದ ಪಕ್ಕದಲ್ಲಿ ಇಟ್ಟಿಗೆಯೊಂದನ್ನು ಹೂಳಿಟ್ಟರು. ಅಲ್ಲಿಂದ ಮುಂದೆ ಆ ಇಟ್ಟಿಗೆಯೇ ‘ಸಾಕು, ನಿಲ್ಲು’ ಎನ್ನುವ ಹುಡುಗನಾಯಿತು.

ಇಷ್ಟಾದ ಮೇಲೂ ಮೊದಲ ಯತ್ನಕ್ಕೆ ಕೂಡುತ್ತಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಚಿಕ್ಕಪ್ಪ ನಿಲ್ಲಿಸುವರು, ಗೇರನ್ನು ನ್ಯೂಟ್ರಲ್ಲಿಗೆ ತರುವರು, ಬ್ರೇಕನ್ನು ಬಿಗಿದು ಎಂಜಿನ್ನನ್ನು ಆರಿಸುವರು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುವರು. ಆಮೇಲೆ ಇಳಿದು ನೋಡುವರು. ಎರಡು ಬೆರಳು ಓರೆಯಾಗಿದ್ದರೆ ಮತ್ತೆ ಹತ್ತುವರು. ಬರಿದಾದ ಟ್ರೇಲರಾದರೆ ಹಾರೆಕೋಲಿನಿಂದ ಮೂಕಿಯನ್ನು ಕೊಂಚ ಮೀಟಿದ್ದುಂಟು. ಭಾರ ತುಂಬಿದ ಟ್ರೇಲರನ್ನು ಮೈಬಲದಿಂದ ಅಲುಗಿಸಹೋದದ್ದಿಲ್ಲ. ತೂತು ಕೂಡಿದೆಯೇ ಎಂದು ಬೆರಳು ಹಾಕಿ ನೋಡಿದ್ದಂತೂ ಎಂದೂ ಇಲ್ಲ. ಅದಕ್ಕೆ ಕೀಲಿನ ತುದಿಯೇ ಇತ್ತು. ಒಂದು ಸಂಜೆ ಅವರು ಹನ್ನೊಂದು ಸಲ ಹತ್ತಿ ಇಳಿದುದನ್ನು ನಾನು ಎಣಿಸಿದ್ದೆ. ದಾರಿಹೋಕರೊಬ್ಬರು ನಿಂತು, ‘ಒಬ್ಬ ಹುಡುಗನ್ನ ಕರ್ದಿದ್ರೆ ಒಂದೇ ಸಲಕ್ಕೆ ಆಗೋದಲ್ಲ ಗೌಡ್ರೇ’ ಎಂದು ನಕ್ಕರು. ಚಿಕ್ಕಪ್ಪ ಬೆವರು ಒರೆಸಿಕೊಂಡು, ‘ಇಳಿಯೋಕೆ ನಾಚ್ಕೆ ಏನು ಬುಡಿ, ಕಾಲು ನಂದೇ ಅಲ್ವಾ’ ಎಂದರು. ಹನ್ನೆರಡನೆಯ ಸಲ ಕೀಲು ‘ಠಣ್’ ಎಂದು ಇಳಿಯಿತು.

ಕೀಲು ಇಳಿದ ಮೇಲೂ ಮೂರು ಕೆಲಸಗಳಿದ್ದವು. ಕೀಲು ಕುಲುಕಾಟಕ್ಕೆ ಮೇಲೇಳದಂತೆ ಅದರ ತುದಿಗೆ ಸಣ್ಣ ಮರಿಗೀಲು. ಅದೂ ಕೈಕೊಟ್ಟರೆ ಇರಲೆಂದು ಎಂಜಿನ್ನಿಗೂ ಮೂಕಿಗೂ ಒಂದು ಸರಪಳಿ. ದಿಮ್ಮಿಯನ್ನೂ ಚಕ್ರದ ಕಲ್ಲುಗಳನ್ನೂ ಕೊನೆಗೆ ತೆಗೆಯುವುದು. ಕಲ್ಲುಗಳನ್ನು ಮೊದಲೇ ತೆಗೆದವನ ಟ್ರೇಲರು ತನ್ನಿಷ್ಟದಂತೆ ಹೊರಟೀತು. ಬಂಡಿಯ ಕಡೆಗೀಲನ್ನು ಉಪಮೆಯಾಗಿಸಿದ ಜೇಡರ ದಾಸಿಮಯ್ಯನ ವಚನವನ್ನು ಪಾಠ ಹೇಳುವಾಗ, ಅಷ್ಟು ದೊಡ್ಡ ಬಂಡಿಗೆ ಅಷ್ಟು ಸಣ್ಣ ಕೀಲು ಆಧಾರವಾಗುವುದು ಹೇಗೆಂದು ವಿದ್ಯಾರ್ಥಿಗಳು ಕೇಳುವುದುಂಟು. ಚಿಕ್ಕಪ್ಪನ ಮರಿಗೀಲು ನನ್ನ ಕಿರುಬೆರಳಿನಷ್ಟೇ ಇತ್ತು; ಅದರ ಹಿಂದೆ ಟನ್ನುಗಟ್ಟಲೆ ಕಬ್ಬು ರಸ್ತೆಯ ಮೇಲೆ ಹೋಗುತ್ತಿತ್ತು.

ಈ ಕಷ್ಟವೆಲ್ಲ ಏಕೆ, ಯಂತ್ರವೇ ಇದನ್ನು ಮಾಡಬಾರದೇ ಎಂದು ಕೇಳುವುದು ನ್ಯಾಯವೇ. ಮಾಡಬಲ್ಲದು. ಟ್ರಾಕ್ಟರಿನ ಇತಿಹಾಸದಲ್ಲಿ ದೊಡ್ಡ ಹೆಸರಾದ ಹ್ಯಾರಿ ಫರ್ಗುಸನ್ನನ ಟ್ರಾಕ್ಟರುಗಳಲ್ಲಿ, ಚಾಲಕನು ಕುಳಿತಲ್ಲಿಂದ ಏಳದೆಯೇ ಎಣ್ಣೆಯ ಒತ್ತಡದಿಂದ ಕೊಕ್ಕೆಯನ್ನು ಕೆಳಗಿಳಿಸಿ, ಮೂಕಿಯ ಉಂಗುರವನ್ನು ಎತ್ತಿಕೊಳ್ಳುವ ಏರ್ಪಾಡು 1940ರ ದಶಕದಲ್ಲಿಯೇ ಇತ್ತು. ನಮ್ಮ ಊರಿನ ಸುತ್ತ ನಾನು ಕಂಡದ್ದು ಮಾತ್ರ ಬಹುಮಟ್ಟಿಗೆ ಅದೇ ಕಣ್ಣು, ಅದೇ ಕೀಲು, ಪಕ್ಕದಲ್ಲಿ ಅದೇ ಹುಡುಗ. ಕೊಕ್ಕೆಗೆ ಹಣ ಬೇಕು. ಹುಡುಗ ಮನೆಯಲ್ಲಿಯೇ ಇರುತ್ತಾನೆ.

ಈ ಒಂದು ಮಾತಿಗಾಗಿಯೇ ಇಷ್ಟು ಬರೆದೆ. ಒಂಟಿಯಾಗಿ ಕೆಲಸ ಮಾಡುವ ಚಾತುರ್ಯವನ್ನು ಲೋಕವು ಸ್ವಾಭಿಮಾನವೆಂದು ಹೊಗಳುತ್ತದೆ, ಇಲ್ಲವೇ ಹಟವೆಂದು ಹಳಿಯುತ್ತದೆ. ಚಿಕ್ಕಪ್ಪನದು ಎರಡೂ ಅಲ್ಲ. ಕಬ್ಬು ಕಡಿಯುವುದಕ್ಕೆ, ಹೇರುವುದಕ್ಕೆ, ಮದುವೆಗೆ, ಸಾವಿಗೆ ಅವರು ನೆರೆಹೊರೆಯವರ ಕೈಯನ್ನು ಸಂಕೋಚವಿಲ್ಲದೆ ಕೇಳಿದವರು, ಕೇಳಿದವರಿಗೆ ಕೊಟ್ಟವರು. ಎರಡು ಕಬ್ಬಿಣಗಳು ಕೂಡುವ ಆ ಒಂದು ಗೇಣು ಜಾಗಕ್ಕೆ ಮಾತ್ರ ಯಾರ ಕೈಯನ್ನೂ ಕೇಳಬಾರದೆಂದು ನಿಶ್ಚಯಿಸಿದರು. ಕಡ್ಡಿ, ಇಟ್ಟಿಗೆ, ಸುಣ್ಣದ ಗೆರೆ ಇವುಗಳೆಲ್ಲ ಆ ಜಾಗದಿಂದ ಒಬ್ಬ ಹುಡುಗನನ್ನು ದೂರವಿಡುವುದಕ್ಕಾಗಿ ಹುಟ್ಟಿದ ಉಪಾಯಗಳು. ಹನ್ನೆರಡು ಸಲ ಹತ್ತಿ ಇಳಿಯುವ ಶ್ರಮ ಒಂದು ಬೆರಳಿಗಿಂತ ಅಗ್ಗವೆಂಬುದು ಅವರ ಲೆಕ್ಕ.

ನನ್ನ ತರಗತಿಯಲ್ಲಿ ಕುಳಿತುಕೊಳ್ಳುವವರಲ್ಲಿ ಬೇಸಾಯಗಾರರ ಮಕ್ಕಳು ಬಹಳ ಮಂದಿ. ಕಟಾವಿನ ದಿನಗಳಲ್ಲಿ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬೀಳುತ್ತದೆ. ಅವರು ಎಲ್ಲಿರುತ್ತಾರೆಂಬುದು ನನಗೆ ಗೊತ್ತು. ಮರಳಿ ಬಂದವರನ್ನು ನಾನು ಗದರಿಸುವುದಿಲ್ಲ. ಕೈಗಳನ್ನು ಒಮ್ಮೆ ನೋಡಿ, ಪಾಠ ಆರಂಭಿಸುತ್ತೇನೆ. ಈ ಪುಟವನ್ನು ಓದುವ ಅಂಥ ವಿದ್ಯಾರ್ಥಿಗಳಿಗೆ ಒಂದೇ ವಿಜ್ಞಾಪನೆ. ಮೂಕಿಯ ಬಳಿ ನಿಲ್ಲಲು ನಿಮ್ಮನ್ನು ಯಾರಾದರೂ ಕರೆದರೆ, ಒಲ್ಲೆನೆನ್ನುವುದು ಹಿರಿಯರಿಗೆ ತೋರುವ ಅವಿಧೇಯತೆ ಎಂದು ತಿಳಿಯಬೇಡಿ. ದೂರದಲ್ಲಿ, ಚಾಲಕನ ಕಣ್ಣಿಗೆ ಬೀಳುವಲ್ಲಿ ನಿಂತು, ಒಂದು ಕಡ್ಡಿಯನ್ನು ತಂದುಕೊಡಿ.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಎಂಜಿನ್ನನ್ನು ನಡೆಸುವವನು ಅವರ ಮಗ. ಅವನು ಹಿಂದಕ್ಕೆ ಬರುತ್ತಿದ್ದಾಗ ಏಳೆಂಟು ವರ್ಷದ ಮೊಮ್ಮಗ ಕೀಲನ್ನು ಎರಡು ಕೈಯಲ್ಲಿಯೂ ಎತ್ತಿಕೊಂಡು, ‘ತಾತ, ನಾನು ಹಾಕ್ಲಾ?’ ಎಂದು ಓಡಿದನು. ಜಗುಲಿಯ ಮೇಲೆ ಕುಳಿತಿದ್ದ ಚಿಕ್ಕಪ್ಪ ಕೋಲನ್ನು ನೆಲಕ್ಕೆ ಬಡಿದು, ‘ಇಟ್‌ಬುಟ್ಟು ಬಾ ಇಲ್ಲಿ’ ಎಂದು ಗದರಿದರು. ಮಗು ಮುಖ ಸಣ್ಣಗೆ ಮಾಡಿಕೊಂಡು ಬಂದು ನಮ್ಮಿಬ್ಬರ ನಡುವೆ ಕುಳಿತುಕೊಂಡಿತು. ಚಿಕ್ಕಪ್ಪ ಮಗುವಿನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಅಂಗಳದಲ್ಲಿ ಮಗ ಇಳಿಯುವುದನ್ನೂ ನೋಡುವುದನ್ನೂ ಮತ್ತೆ ಹತ್ತುವುದನ್ನೂ ಎಣಿಸುತ್ತ ಕುಳಿತರು. ಕೀಲು ‘ಠಣ್’ ಎನ್ನುವ ತನಕ ಆ ಕೈಯನ್ನು ಬಿಡಲಿಲ್ಲ.